ಫ್ಲ್ಯಾಟ್ ನೋಡಿದಿರಿ, ಕಟ್ಟಡ ನೋಡಿದಿರಾ?

ಏಪ್ರಿಲ್, ಮೇ ತಿಂಗಳು ಬಂತೆಂದರೆ ಬೆಂಗಳೂರಿನಲ್ಲಿ ಮನೆ ಬದಲಾಯಿಸುವ ಕಾಲ. ಮಕ್ಕಳ ಪರೀಕ್ಷೆ ಮುಗಿದಿರುತ್ತದೆ. ಶಾಲೆ ಮತ್ತೆ ತೆರೆಯುವುದರೊಳಗೆ ಹೊಸ ಮನೆಯಲ್ಲಿ ಹಾಲುಕ್ಕಿಸಿಬಿಡಬೇಕೆಂಬ ಅವಸರ ಎಲ್ಲರಿಗೂ. ಹೊಸ ಕಾಂಪ್ಲೆಕ್ಸುಗಳ ಬಾಡಿಗೆ ಕೈಗೆಟುಕದ ಮಧ್ಯಮ ವರ್ಗದ ಸಂಸಾರಗಳು ಕೊನೆಗೆ ಬಂದು ನಿಲ್ಲುವುದು ಮಲ್ಲೇಶ್ವರ, ರಾಜಾಜಿನಗರ, ಜಯನಗರದಂಥ ಬಡಾವಣೆಗಳಲ್ಲಿ ಮೂವತ್ತು ನಲವತ್ತು ವರ್ಷಗಳ ಹಿಂದೆ ಎದ್ದ ಮೂರು ನಾಲ್ಕು ಮಹಡಿಯ ಅಪಾರ್ಟ್‌ಮೆಂಟುಗಳ ಮುಂದೆ.

ಈ ಹಳೆಯ ಕಟ್ಟಡಗಳ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಕೋಣೆಗಳು ದೊಡ್ಡವು, ಎದುರಿಗೆ ಮರಗಳಿರುತ್ತವೆ, ತರಕಾರಿ ಅಂಗಡಿ ನಡೆದು ಹೋಗುವಷ್ಟು ಹತ್ತಿರ. ಹಳೆಯದೆಲ್ಲ ಕೆಟ್ಟದ್ದೂ ಅಲ್ಲ, ಹೊಸದೆಲ್ಲ ಒಳ್ಳೆಯದೂ ಅಲ್ಲ. ಆದರೆ ಬಾಡಿಗೆಗೆ ಹೋಗುವವರು ಕೇಳುವ ಪ್ರಶ್ನೆಗಳನ್ನು ಕೇಳಿದರೆ ವೈದ್ಯನಾದ ನನಗೆ ಆಶ್ಚರ್ಯವಾಗುತ್ತದೆ. ಬಾಗಿಲು ಯಾವ ದಿಕ್ಕಿಗಿದೆ, ಕಾರು ನಿಲ್ಲಿಸಲು ಜಾಗ ಇದೆಯೇ, ಮಾಂಸಾಹಾರ ಮಾಡಬಹುದೇ, ಶಾಲಾ ವ್ಯಾನು ಬರುತ್ತದೆಯೇ? ಎಲ್ಲ ಸರಿ. ಆದರೆ ನೀರಿನ ಸಂಪು ಎಲ್ಲಿದೆ, ಅದರ ಮುಚ್ಚಳ ತೆಗೆದು ತೋರಿಸಿ ಎಂದು ಕೇಳಿದವರನ್ನು ನಾನು ಬೆರಳೆಣಿಕೆಯಷ್ಟು ಮಾತ್ರ ಕಂಡಿದ್ದೇನೆ.

ಬ್ರೋಕರ್ ನಿಮಗೆ ತೋರಿಸುವುದು ಫ್ಲ್ಯಾಟನ್ನು. ನಿಮಗೆ ಕಾಯಿಲೆ ತರುವುದು ಬಹುಮಟ್ಟಿಗೆ ಕಟ್ಟಡ. ಸಂಪು, ತಾರಸಿಯ ಮೇಲಿನ ಟ್ಯಾಂಕು, ಬಚ್ಚಲುಮನೆಗಳ ಕೊಳವೆಗಳು ಇಳಿಯುವ ಡಕ್ಟ್, ಮೆಟ್ಟಿಲು, ಮೀಟರ್ ಬೋರ್ಡು: ಇವು ಯಾವುವೂ ನಿಮ್ಮ ಮುಂಬಾಗಿಲಿನ ಒಳಗಿಲ್ಲ. ಇವನ್ನು ಕೇಳಿದರೆ ಮಾಲೀಕರು ‘ಅದು ಅಸೋಸಿಯೇಷನ್ನಿಗೆ ಸೇರಿದ್ದು’ ಎನ್ನುತ್ತಾರೆ. ಅಸೋಸಿಯೇಷನ್ನಿನವರು ‘ನಿಮ್ಮ ಓನರ್ ಹತ್ತಿರ ಹೇಳಿ’ ಎನ್ನುತ್ತಾರೆ. ನಡುವೆ ಬಾಡಿಗೆದಾರ ನನ್ನ ಕ್ಲಿನಿಕ್ಕಿಗೆ ಬರುತ್ತಾನೆ.

ಮೊದಲು ನೀರಿನ ವಿಷಯ. ಬೆಂಗಳೂರಿಗೆ ಕಾವೇರಿ ನೀರು ಬಂದದ್ದು 1974ರಲ್ಲಿ. ಅಂದಿನಿಂದ ‘ಕಾವೇರಿ ಕನೆಕ್ಷನ್ ಇದೆ’ ಎಂಬುದು ಮನೆ ತೋರಿಸುವವರ ಮೊದಲ ಮಾತು. ಈ ಮಾತು ಅರ್ಧ ಮಾತ್ರ ಸತ್ಯ. ಹಳೆಯ ಅಪಾರ್ಟ್‌ಮೆಂಟುಗಳಲ್ಲಿ ಅನೇಕ ಕಡೆ ಜಲಮಂಡಳಿಯ ನೀರು, ಕೊಳವೆಬಾವಿಯ ನೀರು, ಟ್ಯಾಂಕರಿನಲ್ಲಿ ತರಿಸಿದ ನೀರು ಮೂರೂ ಒಂದೇ ಸಂಪಿಗೆ ಬೀಳುತ್ತವೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಊರಿಗೆ ಊರೇ ಟ್ಯಾಂಕರಿಗೆ ಕಾದು ಕುಳಿತದ್ದು ನಿಮಗೆ ನೆನಪಿರಬಹುದು. ನಲ್ಲಿಯಲ್ಲಿ ಬರುವುದು ಈ ಸಂಪಿನ ನೀರೇ ಹೊರತು ಕಾವೇರಿಯದ್ದಲ್ಲ.

ಆ ಕಾಲದ ಕಟ್ಟಡಗಳಲ್ಲಿ ಸಂಪು ನೆಲಮಾಳಿಗೆಯಲ್ಲೋ ಗೇಟಿನ ಪಕ್ಕದಲ್ಲೋ ನೆಲದೊಳಗೆ ಇರುತ್ತದೆ. ಒಳಚರಂಡಿಯ ಕೊಳವೆ, ಮ್ಯಾನ್‌ಹೋಲ್ ಕೂಡ ಹೆಚ್ಚುಕಡಿಮೆ ಅಲ್ಲೇ. ಮೂವತ್ತು ವರ್ಷದಲ್ಲಿ ಸಂಪಿನ ಗೋಡೆ ಬಿರುಕು ಬಿಟ್ಟಿರುತ್ತದೆ, ಚರಂಡಿಯ ಸುಟ್ಟ ಮಣ್ಣಿನ ಕೊಳವೆಯೂ ಮರದ ಬೇರಿಗೋ ಭಾರದ ವಾಹನಕ್ಕೋ ಒಡೆದಿರುತ್ತದೆ. ಸಂಪು ತುಂಬಿದ್ದಾಗ ಅದರ ನೀರು ಹೊರಕ್ಕೆ ಜಿನುಗುತ್ತದೆ, ಖಾಲಿಯಾದಾಗ ಹೊರಗಿನ ಕೊಳೆ ಒಳಕ್ಕೆ ಜಿನುಗುತ್ತದೆ. ಬೀದಿಯ ಕೊಳವೆಯ ಕಥೆಯೂ ಇದೇ. ದಿನ ಬಿಟ್ಟು ದಿನ ನೀರು ಬಿಡುವ ಕಡೆ, ನೀರು ನಿಂತ ಹೊತ್ತಿನಲ್ಲಿ ಕೊಳವೆಯೊಳಗೆ ಒತ್ತಡ ಇಳಿದು, ಬಿರುಕುಗಳ ಮೂಲಕ ಸುತ್ತಲಿನ ಕೊಳಕನ್ನು ಅದು ಒಳಗೆ ಎಳೆದುಕೊಳ್ಳುತ್ತದೆ. ಟೈಫಾಯಿಡ್, ಕಾಮಾಲೆ, ಆಮಶಂಕೆ ಬರುವ ಮುಖ್ಯ ದಾರಿಗಳಲ್ಲಿ ಇದೂ ಒಂದು.

ಕಾಮಾಲೆಯಲ್ಲಿ ಒಂದು ತೊಡಕಿದೆ. ಹೆಪಟೈಟಿಸ್ ಎ ವೈರಸ್ ದೇಹ ಸೇರಿ ಕಾಯಿಲೆ ಕಾಣಿಸಿಕೊಳ್ಳಲು ಸುಮಾರು ನಾಲ್ಕು ವಾರ ಬೇಕು. ಹೆಪಟೈಟಿಸ್ ಇ ಎರಡರಿಂದ ಹತ್ತು ವಾರ ತೆಗೆದುಕೊಳ್ಳಬಹುದು. ಹೀಗಾಗಿ ಕಣ್ಣು ಹಳದಿಯಾದಾಗ ಜನ ಹಿಂದಿನ ವಾರ ಹೋಟೆಲಿನಲ್ಲಿ ತಿಂದ ಗೋಬಿ ಮಂಚೂರಿಯನ್ನು ಬಯ್ಯುತ್ತಾರೆ. ಒಂದು ತಿಂಗಳ ಹಿಂದೆ ಕುಡಿದ ಸಂಪಿನ ನೀರು ಯಾರಿಗೂ ನೆನಪಾಗುವುದಿಲ್ಲ. ಮನೆಯಲ್ಲಿ ಗರ್ಭಿಣಿ ಇದ್ದರಂತೂ ಈ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಕೊನೆಯ ಮೂರು ತಿಂಗಳಲ್ಲಿ ಹೆಪಟೈಟಿಸ್ ಇ ತಗುಲಿದರೆ 100 ಮಂದಿಯಲ್ಲಿ 20ರಿಂದ 25 ಮಂದಿಯವರೆಗೂ ಸಾಯುವ ಸಾಧ್ಯತೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ.

‘ನಮ್ಮಲ್ಲಿ ಆರ್‌ಒ ಮೆಷಿನ್ ಇದೆಯಲ್ಲ ಡಾಕ್ಟ್ರೇ’ ಎಂದು ನೀವು ಕೇಳಬಹುದು. ಕುಡಿಯುವ ನೀರಿಗೆ ಸರಿ. ಹಲ್ಲುಜ್ಜಿ ಬಾಯಿ ಮುಕ್ಕಳಿಸುವುದು ಯಾವ ನೀರಿನಲ್ಲಿ? ಕೊತ್ತಂಬರಿ ಸೊಪ್ಪು, ಸೌತೆಕಾಯಿ ತೊಳೆಯುವುದು, ಮಗುವಿನ ಲೋಟ ಜಾಲಾಡಿಸುವುದು ಯಾವ ನೀರಿನಲ್ಲಿ? ಅದಕ್ಕೇ ಸಂಪನ್ನೇ ನೋಡಬೇಕು ಎನ್ನುವುದು. ಬೆಳಗ್ಗೆ ಪಂಪು ಓಡುವ ಹೊತ್ತಿಗೆ ಹೋಗಿ. ವಾಚ್‌ಮನ್ ಹತ್ತಿರ ಮುಚ್ಚಳ ತೆಗೆಸಿ, ಮೊಬೈಲಿನ ಟಾರ್ಚ್ ಬಿಟ್ಟು ನೋಡಿ. ಮುಚ್ಚಳ ನೆಲದ ಮಟ್ಟಕ್ಕೇ ಇದ್ದರೆ ಮಳೆಯಲ್ಲಿ ಅಂಗಳದ ನೀರು ಒಳಗೆ ಹೋಗುತ್ತದೆಂದೇ ಲೆಕ್ಕ. ಅರ್ಧ ಅಡಿಯಾದರೂ ಕಟ್ಟೆ ಎತ್ತಿರಬೇಕು. ಕೊನೆಯ ಸಲ ಸಂಪು, ಟ್ಯಾಂಕು ತೊಳೆಸಿದ್ದು ಯಾವಾಗ ಎಂದು ಕೇಳಿ. ಆರು ತಿಂಗಳಿಗೊಮ್ಮೆ ತೊಳೆಸುವ ಕಟ್ಟಡದವರು ತಕ್ಷಣ ತಿಂಗಳು ಹೇಳುತ್ತಾರೆ. ತೊಳೆಸದವರು ಆಕಾಶ ನೋಡುತ್ತಾರೆ.

ಮಲಿನ ನೀರನ್ನು ಪತ್ತೆ ಮಾಡುವ ಸಣ್ಣ ಬಾಟಲಿಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ. ನಲ್ಲಿಯ ನೀರು ತುಂಬಿ, ಮುಚ್ಚಿ, ಮನೆಯ ಬೆಚ್ಚಗಿನ ಮೂಲೆಯಲ್ಲಿ ಒಂದೆರಡು ದಿನ ಇಟ್ಟರೆ ಸಾಕು. ನೀರು ಕಪ್ಪಾದರೆ ಅದರಲ್ಲಿ ಮಲದ ಅಂಶ ಸೇರಿರುವ ಸಂಭವ ಹೆಚ್ಚು. ಅಡ್ವಾನ್ಸ್ ಕೊಡುವ ಮೊದಲು ಇದೊಂದನ್ನು ಮಾಡಿ. ಕೊಳವೆಬಾವಿಯ ನೀರೇ ಮುಖ್ಯವಾದರೆ ಲ್ಯಾಬಿನಲ್ಲಿ ನೈಟ್ರೇಟ್ ಕೂಡ ನೋಡಿಸಿ. ಕುಡಿಯುವ ನೀರಿನ ಭಾರತೀಯ ಮಾನಕದಂತೆ ಅದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಮೀರಿದ್ದರೆ ಹತ್ತಿರದಲ್ಲೆಲ್ಲೋ ಚರಂಡಿ ಅಂತರ್ಜಲಕ್ಕೆ ಇಳಿಯುತ್ತಿರುವ ಅನುಮಾನ. ಹಾಲು ಕುಡಿಯುವ ಕೂಸುಗಳಿಗೆ ಇಂಥ ನೀರು ಅಪಾಯ, ಅದನ್ನು ಕುದಿಸಿದರೂ ನೈಟ್ರೇಟ್ ಹೋಗುವುದಿಲ್ಲ.

ಸಂಪಿನ ಹತ್ತಿರ ನಿಂತಿರುವಾಗಲೇ ಸೊಳ್ಳೆಯ ಲೆಕ್ಕವನ್ನೂ ಮುಗಿಸಿ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಚರಂಡಿ ಬೇಡ, ನಿಂತ ತಿಳಿನೀರು ಬೇಕು. ಕಚ್ಚುವುದೂ ಹಗಲಿನಲ್ಲಿ. ಹುಟ್ಟಿದ ಜಾಗದಿಂದ ಅದು ಸಾಮಾನ್ಯವಾಗಿ ಕೆಲವು ನೂರು ಮೀಟರಿಗಿಂತ ದೂರ ಹಾರುವುದಿಲ್ಲ. ಹಾಗಾಗಿ ನಿಮ್ಮನ್ನು ಕಚ್ಚುವ ಸೊಳ್ಳೆ ನಿಮ್ಮ ಕಟ್ಟಡದ್ದೋ ಪಕ್ಕದ ಕಟ್ಟಡದ್ದೋ ಆಗಿರುತ್ತದೆ. ಮುಚ್ಚಳ ಹಾರಿಹೋದ ಟ್ಯಾಂಕು, ಲಿಫ್ಟಿನ ಗುಂಡಿಯಲ್ಲಿ ನಿಂತ ನೀರು, ತಾರಸಿಯಲ್ಲಿ ಬಿಸಾಡಿದ ಹಳೆಯ ಕಮೋಡು, ಇವೇ ಅದರ ತವರುಮನೆ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡದ ನಿಯಮ ತಂದಿತು. ದಂಡ ಹಾಕುವವರು ಬರುವ ತನಕ ಕಾಯಬೇಡಿ, ತಾರಸಿಗೆ ನೀವೇ ಒಂದು ಸಲ ಹತ್ತಿ. ತಾರಸಿಗೆ ಬೀಗ ಹಾಕಿದೆ, ಕೀ ಯಾರ ಹತ್ತಿರ ಇದೆಯೋ ಗೊತ್ತಿಲ್ಲ ಎಂಬ ಉತ್ತರ ಬಂದರೆ, ಆ ಟ್ಯಾಂಕನ್ನು ಕೊನೆಯ ಸಲ ಯಾವಾಗ ನೋಡಿದ್ದಾರೆಂದು ನೀವೇ ಊಹಿಸಿ.

ಇನ್ನು ತೇವ. ಮನೆ ಹುಡುಕುವ ಕಾಲ ಬೇಸಿಗೆ ಎಂದೆನಲ್ಲ, ಮೋಸ ಇರುವುದು ಅಲ್ಲೇ. ಏಪ್ರಿಲಿನಲ್ಲಿ ಬೆಂಗಳೂರಿನ ಯಾವ ಗೋಡೆಯೂ ಒದ್ದೆ ಇರುವುದಿಲ್ಲ. ಜೊತೆಗೆ ಹೊಸ ಬಾಡಿಗೆದಾರರಿಗೆಂದು ಸುಣ್ಣಬಣ್ಣ ಬೇರೆ ಆಗಿರುತ್ತದೆ. ಪೇಂಟಿನ ವಾಸನೆ ಬೂಷ್ಟಿನ ವಾಸನೆಯನ್ನು ನುಂಗಿರುತ್ತದೆ. ಗೋಡೆ ತನ್ನ ನಿಜವನ್ನು ಹೇಳುವುದು ಆಗಸ್ಟಿನಲ್ಲಿ. ಅಷ್ಟು ಹೊತ್ತಿಗೆ ನಿಮ್ಮ ಹಣ ಮಾಲೀಕರ ಕೈಯಲ್ಲಿ, ಮಗು ಹತ್ತಿರದ ಶಾಲೆಯಲ್ಲಿ.

ಆದ್ದರಿಂದ ಹೊಸ ಬಣ್ಣಕ್ಕೆ ಮರುಳಾಗದೆ, ಬಣ್ಣ ಬಳಿಯದ ಜಾಗಗಳನ್ನು ನೋಡಿ. ಗೋಡೆಯ ಕಪಾಟಿನ ಬಾಗಿಲು ತೆರೆದು ಒಳಗೆ ತಲೆ ಹಾಕಿ ಮೂಸಿ. ಹೀಗೆ ಮಾಡುವುದಕ್ಕೆ ನಾಚಿಕೆ ಬೇಡ. ಹಳೇ ಗೋಣಿಚೀಲದಂಥ ವಾಸನೆ ಬಂದರೆ ಆ ಗೋಡೆಯ ಹಿಂದೆ ಬಚ್ಚಲುಮನೆ ಇದೆಯೇ ನೋಡಿ. ಅಡುಗೆಮನೆಯ ಸಿಂಕಿನ ಕೆಳಗೆ, ಅಟ್ಟದ ಮೇಲೆ, ಬಚ್ಚಲಿನ ಬಾಗಿಲ ಚೌಕಟ್ಟಿನ ಬುಡದಲ್ಲಿ ಕಣ್ಣು ಹಾಯಿಸಿ. ಚೌಕಟ್ಟು ಕೆಳಗೆ ಕೊಳೆತು ಪುಡಿಯಾಗಿದ್ದರೆ, ಗೋಡೆಯ ಬುಡದಲ್ಲಿ ಬಿಳಿ ಉಪ್ಪಿನಂಥ ಪುಡಿ ಉದುರುತ್ತಿದ್ದರೆ ಬೇರೆ ಸಾಕ್ಷಿ ಬೇಕಿಲ್ಲ. ಎಲ್ಲದಕ್ಕಿಂತ ಮೇಲು, ಮೇಲಿನ ಮನೆಯವರ ಬಾಗಿಲು ತಟ್ಟಿ ಬಚ್ಚಲು ರಿಪೇರಿ ಯಾವಾಗ ಆಯಿತೆಂದು ಕೇಳುವುದು. ಹಳೆಯ ಕಟ್ಟಡಗಳಲ್ಲಿ ನಿಮ್ಮ ಚಾವಣಿಯ ಆರೋಗ್ಯ ಅವರ ಬಚ್ಚಲಿನಲ್ಲಿದೆ.

ತೇವಕ್ಕೂ ಉಬ್ಬಸಕ್ಕೂ ಏನು ಸಂಬಂಧ? ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯೊಳಗಿನ ತೇವ ಮತ್ತು ಬೂಷ್ಟಿನ ಬಗ್ಗೆಯೇ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು. ತೇವದ ಮನೆಗಳಲ್ಲಿ ವಾಸಿಸುವವರಿಗೆ ಉಸಿರಾಟದ ತೊಂದರೆ, ಸೋಂಕು, ಅಸ್ತಮಾ ಹೆಚ್ಚು ಎಂಬುದು ಅದರ ಸಾರ. ಒದ್ದೆ ಗೋಡೆಯಲ್ಲಿ ಬೂಷ್ಟು ಬೆಳೆದು ಅದರ ಸೂಕ್ಷ್ಮ ಬೀಜಾಣುಗಳು ಗಾಳಿಗೆ ಬರುತ್ತವೆ. ಹಾಸಿಗೆ ದಿಂಬುಗಳಲ್ಲಿ ಕಣ್ಣಿಗೆ ಕಾಣದ ಧೂಳಿನ ನುಸಿಗಳು ತೇವ ಕಂಡರೆ ಹುಲುಸಾಗುತ್ತವೆ. ಅಲರ್ಜಿಯ ಪ್ರವೃತ್ತಿ ಇರುವ ಮಗುವಿಗೆ ಇವೆರಡೂ ಸೇರಿದರೆ ಔಷಧ ಎಷ್ಟು ಕೊಟ್ಟರೂ ಪೂರ್ಣ ಹಿಡಿತಕ್ಕೆ ಬರುವುದಿಲ್ಲ.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಒಂಬತ್ತು ವರ್ಷ. ಜುಲೈಯಿಂದ ರಾತ್ರಿ ಕೆಮ್ಮು, ಬೆಳಗಿನ ಜಾವ ಸುಂಯ್ ಎನ್ನುವ ಎದೆ. ಇನ್‌ಹೇಲರ್ ಕೊಟ್ಟರೆ ಕಡಿಮೆ, ಬಿಟ್ಟರೆ ಮತ್ತೆ ಅದೇ. ದಸರಾ ರಜೆ ಮುಗಿಸಿ ಬಂದ ತಾಯಿ ‘ಡಾಕ್ಟ್ರೇ, ಹಾಸನದಲ್ಲಿ ಅಜ್ಜಿ ಮನೇಲಿದ್ದ ಹದಿನೈದು ದಿನ ಒಂದು ಸಲಾನೂ ಕೆಮ್ಮಲಿಲ್ಲ. ಇಲ್ಲಿಗೆ ಬಂದ ಮೂರನೇ ರಾತ್ರಿಗೆ ಶುರು’ ಎಂದರು. ಮಂಚ ಎಲ್ಲಿ ಹಾಕಿದ್ದೀರಿ ಎಂದು ಕೇಳಿದೆ. ಬಚ್ಚಲಿನ ಗೋಡೆಗೆ ಒತ್ತಿಸಿ ಹಾಕಿದ್ದರು. ಮಂಚ ಸರಿಸಿ ನೋಡಿದರೆ ಗೋಡೆಯ ಮೇಲೆ ಎರಡಡಿ ಎತ್ತರ ಕಪ್ಪಗೆ ಬೂಷ್ಟು. ಮಾಲೀಕರು ಅದರ ಮೇಲೆ ಇನ್ನೊಂದು ಕೋಟು ಬಣ್ಣ ಹೊಡೆಸಿಕೊಟ್ಟರು! ಸೋರುವ ಕೊಳವೆ ಹಾಗೆಯೇ ಉಳಿಯಿತು. ಕೊನೆಗೆ ಆ ಸಂಸಾರ ಮನೆಯನ್ನೇ ಬಿಟ್ಟಿತು. ಹುಡುಗನಿಗೆ ಅಸ್ತಮಾ ಇಂದಿಗೂ ಇದೆ, ಮನೆ ಬಿಟ್ಟರೆ ಅದು ಹೊರಟುಹೋಗುವ ಕಾಯಿಲೆಯಲ್ಲ. ಆದರೆ ಈಗ ರಾತ್ರಿ ನಿದ್ದೆ ಮಾಡುತ್ತಾನೆ, ಔಷಧದ ಪ್ರಮಾಣವೂ ಅರ್ಧಕ್ಕಿಳಿದಿದೆ.

ಬಚ್ಚಲಿನ ಕಿಟಕಿ ತೆರೆದರೆ ಕಾಣುವ ಡಕ್ಟ್ ಇದೆಯಲ್ಲ, ಅದರೊಳಗೆ ಇಣುಕಿ ನೋಡುವವರು ಕಡಿಮೆ. ಒಡೆದ ಕೊಳವೆಯಿಂದ ತೊಟ್ಟಿಕ್ಕುವ ನೀರು ಒಂದು ಕಡೆ, ವರ್ಷಾನುಗಟ್ಟಲೆ ಬಿದ್ದ ಪಾರಿವಾಳದ ಹಿಕ್ಕೆ ಇನ್ನೊಂದು ಕಡೆ. ಪಾರಿವಾಳಕ್ಕೆ ಕಾಳು ಹಾಕುವುದು ಪುಣ್ಯವೆಂದು ನಂಬಿದವರಿಗೆ ನನ್ನ ಮಾತು ರುಚಿಸಲಿಕ್ಕಿಲ್ಲ. ಆದರೂ ಹೇಳಲೇಬೇಕು. ಒಣಗಿದ ಹಿಕ್ಕೆ ಮತ್ತು ಗರಿಯ ಧೂಳಿನಲ್ಲಿರುವ ಪ್ರೋಟೀನುಗಳನ್ನು ತಿಂಗಳುಗಟ್ಟಲೆ ಉಸಿರಾಡಿದ ಕೆಲವರ ಶ್ವಾಸಕೋಶದಲ್ಲಿ ಅಲರ್ಜಿಯ ಉರಿಯೂತ ಉಂಟಾಗುತ್ತದೆ. ಕಫವಿಲ್ಲದ ಒಣಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು, ತೂಕ ಇಳಿಯುವುದು ಇದರ ಲಕ್ಷಣ. ಬೇಗ ಗುರುತಿಸಿ ಹಕ್ಕಿಯಿಂದ ದೂರವಾದರೆ ಗುಣವಾಗಬಹುದು. ತಡವಾದರೆ ಶ್ವಾಸಕೋಶ ನಾರುಗಟ್ಟಿ ಹಿಂದಿನಂತಾಗುವುದಿಲ್ಲ. ಡಕ್ಟಿಗೆ ಮೇಲೆ ಬಲೆ ಇದೆಯೇ, ಕೆಳಗೆ ಗುಡಿಸಲು ಬಾಗಿಲಿದೆಯೇ, ಇಷ್ಟು ನೋಡಿ.

ಈ ಅಂಕಣದಲ್ಲಿ ಬೇರೆಲ್ಲ ಮರೆತರೂ ಪರವಾಗಿಲ್ಲ, ಮುಂದಿನ ಮಾತನ್ನು ಮಾತ್ರ ಮರೆಯಬೇಡಿ. ಬಚ್ಚಲುಮನೆಯ ಒಳಗೆ ಗ್ಯಾಸ್ ಗೀಸರ್ ಇರುವ ಮನೆಗೆ, ಅದನ್ನು ಹೊರಗೆ ಹಾಕಿಸಿಕೊಡುವ ತನಕ, ಹೋಗಬೇಡಿ. ಹಳೆಯ ಫ್ಲ್ಯಾಟುಗಳ ಬಚ್ಚಲು ಚಿಕ್ಕದು, ಗಾಳಿಗಿಂಡಿ ಇನ್ನೂ ಚಿಕ್ಕದು. ಚಳಿಗೆಂದೋ ಪಾರಿವಾಳಕ್ಕೆಂದೋ ಅದನ್ನೂ ರಟ್ಟು ಹಾಕಿ ಮುಚ್ಚಿರುತ್ತಾರೆ. ಮುಚ್ಚಿದ ಕೋಣೆಯಲ್ಲಿ ಉರಿಯುವ ಗ್ಯಾಸಿಗೆ ಆಮ್ಲಜನಕ ಸಾಲದೆ ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಸ್ನಾನಕ್ಕೆ ಹೋದವರು ಚಿಲಕ ಹಾಕಿಕೊಂಡು ಅಲ್ಲೇ ಕುಸಿಯುತ್ತಾರೆ. ಹೀಗೆ ಸತ್ತವರ ಸುದ್ದಿಯನ್ನು ನೀವು ಇದೇ ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೀರಿ. ಸಾಯದೆ ಉಳಿದವರು ಸ್ನಾನವಾದ ಮೇಲೆ ತಲೆನೋವು, ತಲೆಸುತ್ತು, ವಾಕರಿಕೆ ಎಂದು ಬರುತ್ತಾರೆ, ‘ಪಿತ್ತ ಜಾಸ್ತಿಯಾಗಿದೆ’ ಎಂದು ತಾವೇ ರೋಗನಿರ್ಣಯ ಮಾಡಿಕೊಂಡಿರುತ್ತಾರೆ. ಗೀಸರ್ ಗಾಳಿಯಾಡುವ ಬಾಲ್ಕನಿಯಲ್ಲಿರಲಿ, ನೀರು ಮಾತ್ರ ಕೊಳವೆಯಲ್ಲಿ ಒಳಗೆ ಬರಲಿ.

ವಿದ್ಯುತ್ ಗೀಸರ್ ಆದರೆ ಅರ್ತಿಂಗ್ ನೋಡಿಸಿ. ಮೂವತ್ತು ವರ್ಷದ ವೈರಿಂಗಿನಲ್ಲಿ ಮೂರು ಪಿನ್ನಿನ ಸಾಕೆಟ್ ಇದ್ದರೂ ಮೂರನೆಯ ತಂತಿ ಎಲ್ಲಿಗೂ ಹೋಗಿರುವುದಿಲ್ಲ. ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯೇ, ಅದರ ಟೆಸ್ಟ್ ಗುಂಡಿ ಒತ್ತಿದರೆ ಕರೆಂಟು ಹೋಗುತ್ತದೆಯೇ ಎಂದು ಎಲೆಕ್ಟ್ರಿಷಿಯನ್ ಕರೆದುಕೊಂಡು ಹೋಗಿ ನೋಡಿ. ಅವನಿಗೆ ಕೊಡುವ ಕೂಲಿ ಬ್ರೋಕರ್ ಕಮಿಷನ್ನಿನ ಮುಂದೆ ಏನೂ ಅಲ್ಲ.

ಚಿಕ್ಕ ಮಕ್ಕಳಿದ್ದರೆ ಕಿಟಕಿ, ಗ್ರಿಲ್ಲುಗಳ ಹಳೆಯ ಬಣ್ಣವನ್ನೂ ಗಮನಿಸಿ. ಮನೆಗೆ ಬಳಸುವ ಪೇಂಟಿನಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಪದರಗಳಲ್ಲಿ ಎಷ್ಟಿದೆಯೋ ಹೇಳಲಾಗದು. ಚಕ್ಕೆ ಎದ್ದು ಉದುರುತ್ತಿದ್ದರೆ ಒಣಗಿದಂತೆಯೇ ಉಜ್ಜಿಸಬೇಡಿ, ಆ ಧೂಳು ಮಗುವಿನ ಬಾಯಿಗೇ ಹೋಗುವುದು.

ಲಿಫ್ಟಿಲ್ಲದ ಮೂರನೇ ಮಹಡಿ ಬಾಡಿಗೆಯಲ್ಲಿ ಅಗ್ಗ. ಹರೆಯದವರಿಗೆ ವ್ಯಾಯಾಮವೂ ಹೌದು. ಆದರೆ ಮಂಡಿನೋವಿನ ಅತ್ತೆ, ಹೃದಯದ ಕಾಯಿಲೆಯ ತಂದೆ ಜೊತೆಗಿದ್ದರೆ ಯೋಚಿಸಿ. ಪಾರ್ಶ್ವವಾಯು ಬಡಿದವರಿಗೆ ರಕ್ತದ ಗಡ್ಡೆ ಕರಗಿಸುವ ಚುಚ್ಚುಮದ್ದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಸಿಗಬೇಕು. ಕಿರಿದಾದ ಮೆಟ್ಟಿಲಿನ ತಿರುವಿನಲ್ಲಿ ಸ್ಟ್ರೆಚರ್ ತಿರುಗದೆ, ನಾಲ್ಕು ಜನ ಕುರ್ಚಿಯಲ್ಲಿ ಹೊತ್ತು ಇಳಿಸುವುದರಲ್ಲೇ ಎಷ್ಟು ಹೊತ್ತು ಹೋಗುತ್ತದೆ ನೋಡಿ. ವಯಸ್ಸಾದವರು ದಿನಾ ಇಳಿಯಲಾಗದೆ ಮನೆಯಲ್ಲೇ ಉಳಿದು, ನಡಿಗೆ, ಬಿಸಿಲು, ಮಾತುಕತೆ ಮೂರನ್ನೂ ಕಳೆದುಕೊಳ್ಳುವುದು ನಿಧಾನವಾಗಿ ಆಗುವ ಇನ್ನೊಂದು ಹಾನಿ.

ಇಷ್ಟೆಲ್ಲ ಹೇಳಿದ ಮೇಲೆ ಹಣದ ಮಾತು ಬರಲೇಬೇಕು. ಜನ ಕಾಯಿಲೆಯ ಮನೆಯಲ್ಲೇ ಉಳಿಯುವುದು ತಿಳಿವಳಿಕೆ ಇಲ್ಲದೆ ಅಲ್ಲ, ಅಡ್ವಾನ್ಸ್ ಸಿಕ್ಕಿಹಾಕಿಕೊಂಡಿದೆ ಎಂಬ ಕಾರಣಕ್ಕೆ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ಬೆಂಗಳೂರಿನ ಹಳೆಯ ರೂಢಿ. ಈಗ ಐದಾರು ತಿಂಗಳಿಗೆ ಒಪ್ಪುವವರೂ ಇದ್ದಾರೆ. ಕೇಂದ್ರ ಸರ್ಕಾರ 2021ರಲ್ಲಿ ರೂಪಿಸಿದ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಸಲ್ಲದು ಎನ್ನುತ್ತದೆ. ಕಟ್ಟಡದ ಮೂಲ ರಿಪೇರಿ, ಕೊಳವೆ ಬದಲಾವಣೆ, ವೈರಿಂಗ್ ಮಾಲೀಕರ ಹೊಣೆ ಎಂದೂ ಹೇಳುತ್ತದೆ. ಆದರೆ ಅದು ಮಾದರಿ ಮಾತ್ರ, ಆಯಾ ರಾಜ್ಯ ಒಪ್ಪಿಕೊಂಡು ಕಾನೂನು ಮಾಡಿದರಷ್ಟೇ ಬಲ. ದೊಡ್ಡ ಮುಂಗಡ ಸಾರ್ವಜನಿಕ ಆರೋಗ್ಯದ ಪ್ರಶ್ನೆ ಎಂದು ನಾನು ಹೇಳಿದರೆ ವಕೀಲ ಮಿತ್ರರು ನಗುತ್ತಾರೆ. ನಗಲಿ. ಸೋರುವ ಗೋಡೆಯ ಪಕ್ಕ ಮಲಗಿರುವ ಮಗುವನ್ನು ಅಲ್ಲಿ ಕಟ್ಟಿಹಾಕಿರುವುದು ಆ ಹಣವೇ.

ಕಾನೂನು ಬರುವ ತನಕ ಕರಾರು ಪತ್ರವೇ ಗತಿ. ಬಚ್ಚಲಿನ ಸೋರಿಕೆ, ಗೀಸರ್ ಜಾಗ, ಆರ್‌ಸಿಸಿಬಿ ಇಷ್ಟನ್ನು ‘ವಾಸಕ್ಕೆ ಬರುವ ಮೊದಲು ಸರಿಪಡಿಸಿಕೊಡತಕ್ಕದ್ದು’ ಎಂದು ಬರೆಸಿ. ಮಳೆಗಾಲದಲ್ಲಿ ಗೋಡೆ ಸೋರಿ ಒಂದು ತಿಂಗಳೊಳಗೆ ರಿಪೇರಿಯಾಗದಿದ್ದರೆ ಪೂರ್ತಿ ಮುಂಗಡದೊಂದಿಗೆ ಮನೆ ಬಿಡಬಹುದು ಎಂಬ ಒಂದು ಸಾಲು ಸೇರಿಸಲು ಕೇಳಿ. ಒಪ್ಪದ ಮಾಲೀಕರಿಗೆ ಆ ಗೋಡೆಯ ಗುಟ್ಟು ಗೊತ್ತಿರುತ್ತದೆ. ಹಿಂದಿನ ಬಾಡಿಗೆದಾರರು ಯಾಕೆ ಬಿಟ್ಟರು ಎಂಬುದನ್ನು ಬ್ರೋಕರ್ ಹತ್ತಿರ ಕೇಳುವ ಬದಲು ಎದುರಿನ ಇಸ್ತ್ರಿ ಅಂಗಡಿಯವನ ಹತ್ತಿರ, ನೆಲಮಹಡಿಯ ಹಿರಿಯರ ಹತ್ತಿರ ಕೇಳಿ.

ಈಗಾಗಲೇ ಇಂಥ ಮನೆಯಲ್ಲಿ ಇರುವವರು ಗಾಬರಿಯಾಗಬೇಡಿ. ಮಂಚ, ಬೀರುಗಳನ್ನು ಒದ್ದೆ ಗೋಡೆಯಿಂದ ಒಂದು ಅಡಿ ಈಚೆ ಎಳೆಯಿರಿ. ಬೆಳಗ್ಗೆ ಎದುರುಬದುರು ಕಿಟಕಿ ತೆರೆಯಿರಿ. ಸಂಪು, ಡಕ್ಟಿನ ದೂರನ್ನು ಅಸೋಸಿಯೇಷನ್ನಿಗೆ ಬಾಯಲ್ಲಿ ಹೇಳದೆ, ಫೋಟೋ ಸಹಿತ ಬರೆದು ಕೊಟ್ಟು ನಕಲು ಇಟ್ಟುಕೊಳ್ಳಿ. ಮನೆಯಲ್ಲಿ ಕೆಮ್ಮುವ ಮಗುವಿದ್ದರೆ ಗೋಡೆಯ ಕ್ಯಾಲೆಂಡರಿನಲ್ಲಿ ಕೆಮ್ಮಿದ ರಾತ್ರಿಗಳಿಗೆ ಗುರುತು ಹಾಕಿ. ಊರಿಗೆ ಹೋದ ದಿನಗಳನ್ನೂ ಬರೆಯಿರಿ. ಮುಂದಿನ ಸಲ ನಿಮ್ಮ ವೈದ್ಯರ ಹತ್ತಿರ ಹೋಗುವಾಗ ಹಳೆಯ ಚೀಟಿಗಳ ಜೊತೆಗೆ ಆ ಕ್ಯಾಲೆಂಡರನ್ನೂ ತೆಗೆದುಕೊಂಡು ಹೋಗಿ.